ವಲಸೆ ಕಾರ್ಮಿಕರ ಹಕ್ಕು

ನಾಗಪುರದ ಸೀತಾಬರ್ಡಿಯ ಬಳಿ ಇರುವ ಶೂನ್ಯ ಮೈಲಿ ಸ್ತಂಭದ ಮೇಲೆ ಹೈದರಾಬಾದ್, ಜಬಲ್ಪುರ ಮುಂತಾದ ಊರುಗಳ ದೂರವನ್ನು ಕೆತ್ತಲಾಗಿದೆ. ಉತ್ತರ–ದಕ್ಷಿಣ, ಪೂರ್ವ–ಪಶ್ಚಿಮ ರೈಲು ಮಾರ್ಗಗಳು ಸಂಧಿಸುವ ಈ ನಗರವನ್ನು ಹಾದು ಅಸಂಖ್ಯ ಶ್ರಮಿಕರು ಕೆಲಸವನ್ನರಸಿ ಸಾಗುತ್ತಾರೆ. ದೂರ ಹೆಚ್ಚಿದಂತೆ ಅವರ ಹಕ್ಕು ಕುಗ್ಗುವುದೇ? ಇಲ್ಲ.

ದೇಶದಾದ್ಯಂತ ಸಂಚರಿಸುವ, ನೆಲೆಸುವ, ಉದ್ಯೋಗ ಮಾಡುವ ಸ್ವಾತಂತ್ರ್ಯವನ್ನು ಸಂವಿಧಾನದ 19ನೆಯ ಅನುಚ್ಛೇದವು ನಾಗರಿಕರಿಗೆ ನೀಡಿದೆ. ಆದರೆ ನ್ಯಾಯಯುತ ಕೂಲಿಯಿಲ್ಲದೆ ಈ ಸ್ವಾತಂತ್ರ್ಯ ಅಪೂರ್ಣ. 1982ರ ಏಷ್ಯನ್ ಕ್ರೀಡಾಕೂಟಕ್ಕಾಗಿ ದೆಹಲಿಯಲ್ಲಿ ನಡೆದ ಕಾಮಗಾರಿಗಳಲ್ಲಿ, ಹೊರರಾಜ್ಯಗಳಿಂದ ಬಂದವರ 9.25 ರೂಪಾಯಿ ದಿನಗೂಲಿಯಿಂದ ಮಧ್ಯವರ್ತಿಗಳು ಒಂದು ರೂಪಾಯಿಯನ್ನು ಮುರಿದುಕೊಳ್ಳುತ್ತಿದ್ದರು. ಕನಿಷ್ಠ ವೇತನಕ್ಕಿಂತ ಕಡಿಮೆ ಕೂಲಿಗೆ ದುಡಿಸುವುದು 23ನೆಯ ಅನುಚ್ಛೇದವು ನಿಷೇಧಿಸಿರುವ ಬಲವಂತದ ದುಡಿಮೆಯೇ ಎಂದು ಸರ್ವೋಚ್ಚ ನ್ಯಾಯಾಲಯವು ಅದೇ ವರ್ಷ ಸಾರಿತು.

ವಲಸೆ ಕಾರ್ಮಿಕರಿಗಾಗಿ 1979ರಲ್ಲಿ ರೂಪುಗೊಂಡ ಕಾಯ್ದೆಯ ಸ್ಥಾನದಲ್ಲಿ 2020ರ ಸಂಹಿತೆಯು 2025ರ ನವೆಂಬರ್ 21ರಂದು ಜಾರಿಗೆ ಬಂದಿದೆ. ಊರಿಗೆ ಹೋಗಿಬರುವ ಪ್ರಯಾಣ ಭತ್ಯೆ, ದುಡಿಯುವ ರಾಜ್ಯದಲ್ಲಿಯೇ ಪಡಿತರ ಪಡೆಯುವ ಅವಕಾಶ ಇದರಲ್ಲಿವೆ. ಕಲಬುರಗಿ, ಯಾದಗಿರಿ ಜಿಲ್ಲೆಗಳಿಂದ ಮುಂಬಯಿ, ಪುಣೆಗೆ ತೆರಳುವವರು ಆಯಾ ರಾಜ್ಯದ ಕನಿಷ್ಠ ವೇತನವನ್ನು ಮೊದಲೇ ಅರಿತಿರಬೇಕು. ವೇತನ ಚೀಟಿಯನ್ನು ಕೇಳಿ ಪಡೆಯಬೇಕು. ಕೂಲಿಯಲ್ಲಿ ಅನ್ಯಾಯದ ಕಡಿತವಾದಲ್ಲಿ ಅಲ್ಲಿನ ಕಾರ್ಮಿಕ ಇಲಾಖೆಗೆ ದೂರು ಸಲ್ಲಿಸಬಹುದು.