ಜೀಪಿನ ಅಡಿಯಲ್ಲಿ ರೇಖಾಗಣಿತ

ವಿದ್ಯಾರ್ಥಿಗಳೇ, ಎರಡು ಸಮಾಂತರ ರೇಖೆಗಳನ್ನು ಮತ್ತೊಂದು ರೇಖೆಯು ಛೇದಿಸಿದರೆ ಪರ್ಯಾಯ ಕೋನಗಳು ಸಮವಾಗಿರುತ್ತವೆ ಎಂಬ ಪ್ರಮೇಯವನ್ನು ನೀವು ಕಲಿತಿದ್ದೀರಿ. ಇದರಿಂದ ಪ್ರಯೋಜನವೇನೆಂದು ಕೇಳುವವರೂ ಉಂಟು. ಆದವಾನಿಯ ಮಾರುಕಟ್ಟೆಗೆ ಹತ್ತಿಯ ಅಂಡಿಗೆಗಳನ್ನು ತರುವ, ಸುತ್ತಲಿನ ಹಳ್ಳಿಗಳಿಂದ ಜನರನ್ನು ಕರೆತರುವ ಜೀಪಿನ ಅಡಿಯಲ್ಲಿ ಇದೇ ಪ್ರಮೇಯವು ನಿತ್ಯವೂ ದುಡಿಯುತ್ತಿದೆ.

ಜೀಪಿನಲ್ಲಿ ಇಂಜಿನು ಮುಂದೆ, ಅದನ್ನು ನೂಕುವ ಗಾಲಿಗಳು ಹಿಂದೆ. 2014ರಲ್ಲಿ ತಯಾರಿಕೆ ನಿಂತುಹೋದ ಅಂಬಾಸಿಡರ್ ಕಾರಿನಲ್ಲಿಯೂ ಇದೇ ಏರ್ಪಾಡಿತ್ತು. ಗೇರ್‌ಬಾಕ್ಸಿನಿಂದ ಹೊರಟ ಉದ್ದನೆಯ ದಂಡವೊಂದು ಹಿಂದಿನ ಅಚ್ಚಿನ ಕವಚದಲ್ಲಿರುವ ಪಿನಿಯನ್ ಎಂಬ ಸಣ್ಣ ಹಲ್ಲುಗಾಲಿಯನ್ನು ತಿರುಗಿಸುತ್ತದೆ. ಇಂಜಿನು ಎತ್ತರದಲ್ಲಿಯೂ ಅಚ್ಚು ತಗ್ಗಿನಲ್ಲಿಯೂ ಇರುವುದರಿಂದ ದಂಡವು ಓರೆಯಾಗಿರುತ್ತದೆ. ಆದುದರಿಂದ ಅದರ ಎರಡು ತುದಿಗಳಲ್ಲಿಯೂ, ಮೆಕ್ಯಾನಿಕರು ‘ಕ್ರಾಸ್’ ಎನ್ನುವ ಭಾಗವುಳ್ಳ ಕೀಲುಗಳಿವೆ. 17ನೆಯ ಶತಮಾನದ ಆಂಗ್ಲ ವಿಜ್ಞಾನಿ ರಾಬರ್ಟ್ ಹುಕ್ ಅವರ ಹೆಸರಿನಿಂದಲೂ ಈ ಕೀಲು ಪ್ರಸಿದ್ಧವಾಗಿದೆ.

ಈ ಕೀಲಿಗೆ ಒಂದು ದೋಷವುಂಟು. ಅದು 10 ಡಿಗ್ರಿ ಬಾಗಿದೆಯೆನ್ನೋಣ. ಒಂದು ಕಡೆಯ ದಂಡವು ನಿಮಿಷಕ್ಕೆ 2000 ಸುತ್ತಿನಂತೆ ಒಂದೇ ವೇಗದಿಂದ ತಿರುಗಿದರೂ, ಇನ್ನೊಂದು ಕಡೆಯ ದಂಡದ ವೇಗವು ಸುಮಾರು 1970ಕ್ಕೂ 2031ಕ್ಕೂ ನಡುವೆ ಸುತ್ತಿಗೆ ಎರಡು ಬಾರಿ ಏರಿಳಿಯುತ್ತದೆ. ಎರಡನೆಯ ಕೀಲೂ ಅಷ್ಟೇ ಬಾಗಿ, ದಂಡದ ಎರಡು ತುದಿಗಳ ಕವಲುಗಳು ಒಂದೇ ನೇರದಲ್ಲಿದ್ದರೆ, ಮೊದಲನೆಯದರ ದೋಷವನ್ನು ಎರಡನೆಯದು ಅಳಿಸುತ್ತದೆ. ಕೋನಗಳು ಸಮವಾಗುವುದೆಂತು? ಗೇರ್‌ಬಾಕ್ಸಿನ ದಂಡವೂ ಪಿನಿಯನ್ನಿನ ದಂಡವೂ ಸಮಾಂತರವಾಗಿರಬೇಕು. ನಡುವಿನ ಓರೆ ದಂಡವೇ ಛೇದಕ!

ಆದರೆ ಅಚ್ಚು ನಿಶ್ಚಲವಲ್ಲ. ಅದು ಕಮಾನು ಪಟ್ಟಿಗಳಿಗೆ ಬಿಗಿಯಲ್ಪಟ್ಟಿದೆ. ಹೊರೆ ಬಿದ್ದಾಗ ಅಚ್ಚು ತಿರುಚದೆ ನೇರವಾಗಿ ಮೇಲೆ ಸರಿದರೆ ಎರಡು ಕೋನಗಳೂ ಸಮನಾಗಿ ಕುಗ್ಗುತ್ತವೆ, ಬಾಧೆಯಿಲ್ಲ. ತಿರುಚಿದರೆ ಸಮಾಂತರತೆ ಕೆಡುತ್ತದೆ. ಗಾಡಿ ರಭಸದಿಂದ ಹೊರಟಾಗ ಕವಚವು ಗಾಲಿಗೆ ವಿರುದ್ಧವಾಗಿ ತಿರುಗಲೆಳಸಿ ಪಿನಿಯನ್ನಿನ ಮೂತಿ ಮೇಲೇಳುತ್ತದೆ. ಬ್ರೇಕು ಹಾಕಿದಾಗ ತಗ್ಗುತ್ತದೆ. ಗಟ್ಟಿಯಾದ ಪಟ್ಟಿಗಳು ಈ ತಿರುಚನ್ನು ಮಿತಿಯಲ್ಲಿಡುತ್ತವೆ. ಪಟ್ಟಿಗಳು ಸೋತರೆ, ಬೋಲ್ಟುಗಳು ಸಡಿಲವಾದರೆ, ಅಥವಾ ಹೆಚ್ಚು ಹೊರೆಯ ಆಸೆಯಿಂದ ಕೋನವನ್ನು ನೋಡದೆ ಅಚ್ಚಿಗೂ ಪಟ್ಟಿಗೂ ನಡುವೆ ದಿಮ್ಮಿಯಿಟ್ಟು ಹಿಂಭಾಗವನ್ನು ಎತ್ತರಿಸಿದರೆ, ಗಾಡಿ ನಡುಗತೊಡಗುತ್ತದೆ. ಕ್ರಾಸು ಬೇಗ ಸವೆಯುತ್ತದೆ.

ಪೋಷಕರೂ ಇದನ್ನು ಗಮನಿಸತಕ್ಕದ್ದು. ಒಂದು ವೇಗದಲ್ಲಿ ಮಾತ್ರ ತೋರುವ ನಡುಕವನ್ನಾಗಲಿ, ಹೊರಡುವಾಗ ಕೇಳುವ ‘ಟಕ್’ ಎಂಬ ಸದ್ದನ್ನಾಗಲಿ ಉಪೇಕ್ಷಿಸಬಾರದು. ಕೀಲು ಮುರಿದು ದಂಡವು ರಸ್ತೆಗೆ ಬಿದ್ದರೆ, ಗಾಡಿಯಲ್ಲಿ ಕುಳಿತವರ ಪ್ರಾಣಕ್ಕೇ ಅಪಾಯ.

ವಿದ್ಯಾರ್ಥಿಗಳೇ, ನೋಟುಪುಸ್ತಕದಲ್ಲಿ ಎರಡು ಸಮಾಂತರ ರೇಖೆಗಳನ್ನೂ ಒಂದು ಛೇದಕವನ್ನೂ ಎಳೆಯಿರಿ. ಬಳಿಕ ಒಂದು ರೇಖೆಯನ್ನು 3 ಡಿಗ್ರಿ ಓರೆಮಾಡಿ ಪರ್ಯಾಯ ಕೋನಗಳನ್ನು ಅಳೆಯಿರಿ. ಆಗ ಕಾಣುವ ವ್ಯತ್ಯಾಸವೇ ಜೀಪನ್ನು ನಡುಗಿಸುವುದು.