ಆಲ್ಬಂ ಸಿಗಲಿಲ್ಲವೆಂದು ನಾಣ್ಯ ಕೆಡಿಸಬೇಡಿ

ನಾಣ್ಯ ಜೋಡಿಸಿಡುವ ಒಳ್ಳೆಯ ಆಲ್ಬಂ ಬೇಕೆಂದಾಗ ಸಿಗುವುದಿಲ್ಲ. ಕೊಳ್ಳುವವರು ಕಡಿಮೆ, ಹಾಗಾಗಿ ಅಂಗಡಿಯವರು ಹೆಚ್ಚು ತರಿಸುವುದಿಲ್ಲ. ಕಳೆದ ವರ್ಷ ಕೊಂಡ ಆಲ್ಬಮ್ಮಿಗೆ ಈ ವರ್ಷ ಹೆಚ್ಚುವರಿ ಹಾಳೆ ಕೇಳಿದರೆ ‘ಆ ಮಾಲು ಈಗ ಬರ್ತಿಲ್ಲ’ ಎನ್ನುತ್ತಾರೆ. ಬೇರೆ ಕಂಪನಿಯ ಹಾಳೆ ತಂದರೆ ರಿಂಗಿಗೆ ತೂತು ಕೂಡುವುದಿಲ್ಲ. ಕೊನೆಗೆ ಬೇಸತ್ತವರು ಫ್ಯಾನ್ಸಿ ಸ್ಟೋರಿನಲ್ಲಿ ಕಂಡ ಮೆತ್ತನೆಯ ಪ್ಲಾಸ್ಟಿಕ್ ಆಲ್ಬಂ ತಂದು ಅಜ್ಜನ ಕಾಲದ ನಾಣ್ಯಗಳನ್ನೆಲ್ಲ ಅದರೊಳಗೆ ತುಂಬುತ್ತಾರೆ. ನಾಲ್ಕಾರು ಮಳೆಗಾಲ ಕಳೆದು ತೆರೆದರೆ ಕಾಲಾಣೆಯ ಮೇಲೆ ಹಸಿರು ಅಂಟು. ಇದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ತಪ್ಪಿಸಿಕೊಳ್ಳುವ ದಾರಿ ಸುಲಭವಿದೆ.

1. ಅಳತೆ ಬರೆದುಕೊಳ್ಳಿ

ಅಂಗಡಿಗೆ ಹೋಗುವ ಮೊದಲು ನಾಣ್ಯಗಳ ಅಗಲ ಅಳೆಯಿರಿ. ಈಗಿನ ಹತ್ತು ರೂಪಾಯಿ ನಾಣ್ಯ 27 ಮಿ.ಮೀ., ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ ಸುಮಾರು 30.5 ಮಿ.ಮೀ. ಇವೆಲ್ಲ ಎರಡು ಇಂಚು ಚೌಕದ ರಟ್ಟಿನ ಹೋಲ್ಡರಿನಲ್ಲಿ (ನಡುವೆ ಪಾರದರ್ಶಕ ಕಿಟಕಿಯಿರುವ, ಮಡಚುವ ರಟ್ಟು) ಕೂರುತ್ತವೆ. 44 ಮಿ.ಮೀ. ಅಗಲದ ನೂರು ರೂಪಾಯಿ ಸ್ಮಾರಕ ನಾಣ್ಯ ಕೂರುವುದಿಲ್ಲ. ಅದಕ್ಕೆ ದೊಡ್ಡ ಕ್ಯಾಪ್ಸೂಲ್ ಬೇಕು.

2. ಪ್ಲಾಸ್ಟಿಕ್ ಯಾವುದೆಂದು ನೋಡಿ

ಎಲ್ಲರೂ ಎಡವುವುದು ಇಲ್ಲೇ. ಮೆತ್ತನೆಯ ಆಲ್ಬಂ ಪುಟಗಳು ಎಷ್ಟೋ ಸಲ ಪಿವಿಸಿಯವು. ಪಿವಿಸಿಯನ್ನು ಮೆದುಗೊಳಿಸಲು ಬೆರೆಸಿದ ಎಣ್ಣೆಯಂಥ ರಾಸಾಯನಿಕ ಕಾಲಕ್ರಮೇಣ ಹೊರಗೆ ಜಿನುಗುತ್ತದೆ. ಪ್ಲಾಸ್ಟಿಕ್ ಹಳತಾದಂತೆ ಹೈಡ್ರೋಕ್ಲೋರಿಕ್ ಆಮ್ಲವೂ ಬಿಡುಗಡೆಯಾಗಿ ತಾಮ್ರವನ್ನು ತಿನ್ನುತ್ತದೆ. ‘ನನ್ನದು ತಾಮ್ರದ ನಾಣ್ಯವಲ್ಲ’ ಎಂದು ನಿಶ್ಚಿಂತರಾಗಬೇಡಿ. ಬೆಳ್ಳಗೆ ಕಾಣುವ ಹಳೆಯ ಕಪ್ರೋನಿಕಲ್ ರೂಪಾಯಿಯಲ್ಲಿ ಮುಕ್ಕಾಲು ಪಾಲು ತಾಮ್ರವೇ. ಬ್ರಿಟಿಷ್ ಬೆಳ್ಳಿ ರೂಪಾಯಿಯಲ್ಲೂ ಹನ್ನೆರಡರಲ್ಲಿ ಕನಿಷ್ಠ ಒಂದು ಪಾಲು ಬೆಳ್ಳಿಯಲ್ಲ.

ಗುರುತಿಸುವುದು ಹೀಗೆ: ಪುಟವನ್ನು ಮೂಸಿ ನೋಡಿ. ಹೊಸ ರೇನ್‌ಕೋಟಿನಂಥ ಗಾಢ ವಾಸನೆ ಬಂದರೆ, ಪುಟಕ್ಕೆ ಪುಟ ಅಂಟಿಕೊಂಡರೆ ಅದನ್ನು ಅಲ್ಲೇ ಬಿಟ್ಟು ಬನ್ನಿ. ತ್ರಿಕೋನ ಗುರುತಿನೊಳಗೆ 3 ಇದ್ದರೆ ಪಿವಿಸಿ. 5 ಇದ್ದರೆ ಪಾಲಿಪ್ರೊಪಿಲೀನ್, 1 ಇದ್ದರೆ ಪಾಲಿಯೆಸ್ಟರ್. ಈ ಎರಡೂ ಸುರಕ್ಷಿತ. ಮೈಲಾರ್ ಎಂದು ಮಾರುವುದೂ ಪಾಲಿಯೆಸ್ಟರೇ. ಗುರುತೇ ಇಲ್ಲದಿದ್ದರೆ ಮನೆಯ ಹೊರಗೆ, ಗಾಳಿಯಾಡುವ ಕಡೆ ಒಂದು ಪರೀಕ್ಷೆ ಮಾಡಬಹುದು. ತಾಮ್ರದ ತಂತಿಯನ್ನು ಇಕ್ಕಳದಲ್ಲಿ ಹಿಡಿದು ಕೆಂಪಗೆ ಕಾಯಿಸಿ, ಪುಟದ ಚೂರಿಗೆ ತಾಗಿಸಿ, ಮತ್ತೆ ಉರಿಗೆ ಹಿಡಿಯಿರಿ. ಜ್ವಾಲೆ ಹಸಿರಾದರೆ ಕ್ಲೋರಿನ್ ಇದೆ, ಅಂದರೆ ಪಿವಿಸಿ ಎಂದೇ ತಿಳಿಯಿರಿ. ತಂತಿಯ ಮೇಲಿನ ಹೊದಿಕೆಯನ್ನು ಪೂರ್ತಿ ಸುಲಿದಿರಬೇಕು. ಅದೂ ಸಾಮಾನ್ಯವಾಗಿ ಪಿವಿಸಿಯೇ. ಹೊಗೆ ಕುಡಿಯಬೇಡಿ, ಮಕ್ಕಳ ಕೈಗೆ ಕೊಡಬೇಡಿ.

ಅಂಟು ಆಗಲೇ ಹತ್ತಿದ್ದರೆ? ಕಿಲುಬು ಎಂದುಕೊಂಡು ಹುಣಸೆಹಣ್ಣು ಹಾಕಿ ತಿಕ್ಕುವವರಿದ್ದಾರೆ. ದಯವಿಟ್ಟು ಬೇಡ. ತಿಕ್ಕಿದ ನಾಣ್ಯಕ್ಕೆ ಸಂಗ್ರಾಹಕರ ನಡುವೆ ಬೆಲೆಯಿಲ್ಲ. ಪಿವಿಸಿ ಅಂಟು ಬೆರಳಿಗೆ ಜಿಗುಟಾಗಿ ತಾಗುತ್ತದೆ, ಕಿಲುಬು ಒಣ ಪುಡಿಯಂತಿರುತ್ತದೆ. ಜಿಗುಟಿದ್ದರೆ ಗಾಜಿನ ಬಟ್ಟಲಲ್ಲಿ ಶುದ್ಧ ಅಸಿಟೋನ್ ಹಾಕಿ ನಾಣ್ಯವನ್ನು ಸ್ವಲ್ಪ ಹೊತ್ತು ನೆನೆಸಿ, ಉಜ್ಜದೆ ತೆಗೆದು ಆರಲು ಬಿಡಿ. ಬಣ್ಣ, ಸುವಾಸನೆ ಬೆರೆಸಿದ ನೈಲ್‌ಪಾಲಿಶ್ ರಿಮೂವರ್ ಬೇಡ. ಅಸಿಟೋನಿಗೆ ಥಟ್ಟನೆ ಬೆಂಕಿ ಹತ್ತುತ್ತದೆ, ಅಡುಗೆಮನೆಯಲ್ಲಿ ಮಾಡಬೇಡಿ. ಅಂಟು ಹೋದೀತು, ಆಮ್ಲ ತಿಂದ ಗುಳಿ ಹಾಗೇ ಉಳಿಯುತ್ತದೆ.

3. ಆಲ್ಬಂಗೆ ಕಾಯದೆ ಹೋಲ್ಡರಿಗೆ ಹಾಕಿ

ರಟ್ಟಿನ ಹೋಲ್ಡರ್ ತಂದು, ನಾಣ್ಯ ಇಡುವ ಮೊದಲೇ ಅದರ ಮೇಲೆ ಇಸವಿ, ಟಂಕಸಾಲೆಯ ಗುರುತು (ಹೈದರಾಬಾದಿಗೆ ನಕ್ಷತ್ರ, ನೋಯ್ಡಾಕ್ಕೆ ಚುಕ್ಕೆ), ಎಲ್ಲಿ ಸಿಕ್ಕಿತು ಎಂಬುದನ್ನು ಬರೆಯಿರಿ. ನಾಣ್ಯವನ್ನು ಅಂಚಿನಲ್ಲೇ ಹಿಡಿಯಿರಿ. ಮಡಚಿ, ನಾಣ್ಯದಿಂದ ದೂರಕ್ಕೆ ಸ್ಟೇಪಲ್ ಹೊಡೆದು, ಪಿನ್ನಿನ ತುದಿಗಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ. ಇಲ್ಲದಿದ್ದರೆ ಅವು ಪಕ್ಕದ ಹೋಲ್ಡರಿನ ಕಿಟಕಿ ಹರಿದು ಅಲ್ಲಿನ ನಾಣ್ಯವನ್ನು ಗೀರುತ್ತವೆ. ಹೀಗೆ ಹಾಕಿದ ನಾಣ್ಯಗಳನ್ನು ಉದ್ದನೆಯ ಡಬ್ಬಿಯಲ್ಲಿ ಸಾಲಾಗಿ ನಿಲ್ಲಿಸಿದರೆ ಆಲ್ಬಂ ಇಲ್ಲದೆಯೂ ವರ್ಷಗಟ್ಟಲೆ ಇರುತ್ತವೆ. ನನ್ನ ಮಟ್ಟಿಗೆ ಡಬ್ಬಿಯೇ ಮೇಲು.

4. ಸಿಕ್ಕಾಗ ಒಟ್ಟಿಗೆ ಕೊಳ್ಳಿ

ಆಲ್ಬಮ್ಮೇ ಬೇಕೆನ್ನುವವರಿಗೆ ಎರಡು ಇಂಚಿನ 20 ಹೋಲ್ಡರ್ ಹಿಡಿಯುವ ಹಾಳೆಗಳೇ ಹೆಚ್ಚು ಸಿಗುವುದು. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲೋ ನಾಣ್ಯ ಮೇಳದಲ್ಲೋ ಕಂಡಾಗ ಮುಂದಕ್ಕೆ ಬೇಕಾಗುವಷ್ಟನ್ನೂ ಒಟ್ಟಿಗೆ ತನ್ನಿ. ನಿಮ್ಮ ಆಲ್ಬಮ್ಮನ್ನು ಜೊತೆಗೆ ಒಯ್ದು ತೂತು ಹೊಂದಿಸಿ ನೋಡಿ.

5. ಇಡುವ ಜಾಗ

ಕರಾವಳಿ, ಮಲೆನಾಡಿನವರು ಡಬ್ಬಿಯಲ್ಲಿ ಸಿಲಿಕಾ ಜೆಲ್ ಇಡಿ. ರಬ್ಬರ್ ಬ್ಯಾಂಡ್ ಹಾಕಬೇಡಿ, ಬೆಳ್ಳಿ ಕಪ್ಪಾಗುತ್ತದೆ. ನುಸಿಗುಳಿಗೆ ಇರುವ ಬೀರು ಬೇಡ.

ಇವತ್ತೇ ನಿಮ್ಮ ಹಳೆಯ ಆಲ್ಬಂ ತೆರೆದು ಒಂದು ಪುಟ ಮೂಸಿ ನೋಡಿ. ವಾಸನೆ ಬಂದರೆ ನಾಣ್ಯಗಳನ್ನು ಈ ವಾರವೇ ಹೊರತೆಗೆಯಿರಿ.