ಭಾನುವಾರದ ಖರ್ಚು ಯಾವ ಖಾತೆಗೆ?

ಭಾನುವಾರ ರಾತ್ರಿ ಹತ್ತೂವರೆಗೆ ತಮ್ಮ ಟೆಂಪೊದಿಂದ ಇಳಿದ. ಹೆಗಲ ಮೇಲೆ ಸುತ್ತಿದ ಬ್ಯಾನರು, ಕೈಯಲ್ಲಿ ಕವಡೆಯ ಡಬ್ಬ. ಗಂಟಲು ಪೂರ್ತಿ ಕಟ್ಟಿಹೋಗಿತ್ತು. ಚಪ್ಪಲಿ ಬಿಡುವ ಮೊದಲೇ, "ಅಕ್ಕಾ, ಮೂವತ್ತೊಂದು ಸಾವಿರದ ಇನ್ನೂರು!" ಎಂದ. 2024ರ ನವೆಂಬರು. ಬೆಂಗಳೂರಿನ ಒಂದು ಮೇಳದಲ್ಲಿ ಎರಡು ದಿನ ಸ್ಟಾಲು ಹಾಕಿ, ನಮ್ಮ ಚೌಕಾಬಾರದ ಪೆಟ್ಟಿಗೆಗಳನ್ನು ತಲಾ 600 ರೂಪಾಯಿಗೆ ಮಾರಿ ಬಂದಿದ್ದ. ಒಟ್ಟು 52 ಪೆಟ್ಟಿಗೆ.

ನಾನು ಮೂವತ್ತು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕೂತವಳು. ಬಂದ ದುಡ್ಡಿನ ಸುದ್ದಿ ಕೇಳಿದ ಕೂಡಲೇ ಹೋದ ದುಡ್ಡೆಷ್ಟು ಎಂದು ಕೇಳುವುದು ನನಗೆ ಅಂಟಿಕೊಂಡ ರೋಗ. ಅವನ ಊಟ ಮುಗಿಯಲಿ ಎಂದು ಕಾದೆ. ಆಮೇಲೆ ಹಾಲಿನ ಲೆಕ್ಕ ಬರೆಯುವ ಪುಸ್ತಕದ ಹಿಂಬದಿಯಲ್ಲೇ ಬರೆದೆ. 31,200ರೊಳಗೆ ಆಗಿನ ಶೇ 12ರ ಜಿಎಸ್‌ಟಿ ಸೇರಿತ್ತು. ಅದನ್ನು ತೆಗೆದರೆ ನಮ್ಮದು 27,857. ಪೆಟ್ಟಿಗೆಯೊಂದಕ್ಕೆ ಮುದ್ರಣ, ಬಟ್ಟೆಯ ಹಾಸು, ಕವಡೆ, ಚನ್ನಪಟ್ಟಣದಲ್ಲಿ ಕಡೆಸಿ ಅರಗು ಹಚ್ಚಿಸಿದ ಹದಿನಾರು ಕಾಯಿ, ಎಲ್ಲ ಸೇರಿ ಬೀಳುವ ಅಸಲು 210. ಐವತ್ತೆರಡಕ್ಕೆ 10,920. ಉಳಿದದ್ದು 16,937. ಇನ್ನು ಖರ್ಚು. ಸ್ಟಾಲ್ ಬಾಡಿಗೆ 12,000, ಟೆಂಪೊ 1,400, ಇಬ್ಬರು ಹುಡುಗರ ಎರಡು ದಿನದ ಕೂಲಿ 3,200, ಊಟ ತಿಂಡಿ 900, ಬ್ಯಾನರು 1,100. ಒಟ್ಟು 18,600.

"ಸಾವಿರದ ಆರುನೂರ ಅರವತ್ಮೂರು ರೂಪಾಯಿ ಕೈಯಿಂದ ಹೋಯ್ತು ಕಣೋ" ಎಂದೆ.

"ಜನ ನೋಡ್ಬೇಕಿತ್ತು ನೀನು" ಎಂದ. ನಾನು ಲೆಕ್ಕ ಹೇಳಿದರೆ ಅವನು ಜನದ ಮಾತಾಡುತ್ತಾನೆ. ನಾಲ್ಕು ವರ್ಷದಿಂದ ನಮ್ಮ ಜಗಳ ಇಷ್ಟೇ.

ಆ ಲೆಕ್ಕದಲ್ಲಿ ಅವನ ದಿನಗಳಿಗೆ ನಾನು ಬೆಲೆ ಹಾಕಿರಲಿಲ್ಲ. ಸಾಮಾನು ಕಟ್ಟಲು ಎರಡು ದಿನ, ಮೇಳಕ್ಕೆ ಎರಡು ದಿನ, ಗಂಟಲು ಸರಿಹೋಗಲು ಒಂದು ದಿನ. ಕಂಪನಿ ಎಂದರೆ ಅವನೊಬ್ಬ, ಬಿಡುವಿನಲ್ಲಿ ಚಿತ್ರ ಬರೆದುಕೊಡುವ ಒಬ್ಬಳು ಹುಡುಗಿ, ಕಾಲೇಜು ಓದುವ ಇಬ್ಬರು ಹುಡುಗರು, ಲೆಕ್ಕಕ್ಕೆ ನಾನು. ಮೈಸೂರಿನ ನಮ್ಮ ಮನೆಯ ಕಾರ್ ಶೆಡ್ಡೇ ಗೋದಾಮು. 2022ರಲ್ಲಿ ಸಾಫ್ಟ್‌ವೇರ್ ಕೆಲಸ ಬಿಟ್ಟು ಬಂದವನಿಗೆ ನನ್ನ ಗ್ರಾಚ್ಯುಯಿಟಿಯಿಂದ ಎಂಟು ಲಕ್ಷ ಕೊಟ್ಟೆ. ಮನೆಯವರು ತಲೆ ಕೆಟ್ಟಿದೆಯಾ ಎಂದರು. ಕೆಟ್ಟಿದ್ದರೂ ಇರಬಹುದು. ಆದರೆ ಮುಮ್ಮಡಿ ಕೃಷ್ಣರಾಜ ಒಡೆಯರು ಹಲಗೆ ಆಟಗಳಿಗೂ ಗಂಜೀಫಾಗೂ ತಲೆ ಕೊಟ್ಟ ಊರು ಇದು. ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ಹಳೆಯ ಆಟಗಳಿಗಾಗಿಯೇ ಕ್ರೀಡಾ ಕೌಶಲ್ಯ ಎಂಬ ಪ್ರದರ್ಶನ ನಡೆಸುವ ಊರು. ಇಲ್ಲಿ ನಡೆಯದಿದ್ದರೆ ಇನ್ನೆಲ್ಲಿ ಎನ್ನಿಸಿತ್ತು.

ಚೌಕಾಬಾರ ನಡೆಯಿತು ಕೂಡ. ತೊಂದರೆ ಬಂದದ್ದು ಎರಡನೆಯ ಆಟದಲ್ಲಿ. ಹುಲಿ-ಕುರಿ ಆಟದ ಜಾಡು ಹಿಡಿದು, ಕಾಡಂಚಿನ ಊರಿಗೆ ಇಳಿಯುವ ಆನೆಗಳ ಮೇಲೆ ಒಂದು ಹೊಸ ಆಟ ಮಾಡುತ್ತಿದ್ದ. ಅದು ನೋಟುಬುಕ್ಕಿನಲ್ಲೇ ಎರಡು ವರ್ಷ ಕಳೆದಿತ್ತು. ಹಳೆಯ ಡೈರಿ ತೆಗೆದು ಎಣಿಸಿದೆ: 2024ರಲ್ಲಿ ಮೇಳ, ಕಾಲೇಜು ಫೆಸ್ಟು, ಅಪಾರ್ಟ್‌ಮೆಂಟಿನ ಆಟದ ಸಂಜೆ ಎಂದು 23 ಭಾನುವಾರ ಹೋಗಿತ್ತು. ಅದೇ ವರ್ಷ ಆನೆ ಆಟದ ನೋಟುಬುಕ್ಕಿನಲ್ಲಿ ತುಂಬಿದ್ದು ಹನ್ನೊಂದು ಪುಟ.

ಸೋಮಾರಿತನ ಎನ್ನಲಾರೆ, ಕತ್ತೆಯ ಹಾಗೆ ದುಡಿಯುವವನು. ನನಗೆ ಕಂಡದ್ದು ಬೇರೆ. ಮೇಳಕ್ಕೆ ತಾರೀಕು ಇರುತ್ತದೆ. ಇಂಥ ದಿನದೊಳಗೆ ದುಡ್ಡು ಕಟ್ಟಿ, ಇಷ್ಟು ಗಂಟೆಗೆ ಸ್ಟಾಲು ಸಿದ್ಧವಾಗಲಿ ಎಂದು ಯಾರೋ ಫೋನು ಮಾಡುತ್ತಾರೆ. ಆಟ ಮುಗಿಸು ಎಂದು ಯಾರೂ ಫೋನು ಮಾಡುವುದಿಲ್ಲ. ತಾರೀಕು ಇರುವ ಕೆಲಸದ ಕಡೆಗೆ ದುಡ್ಡೂ ದಿನವೂ ತಾವಾಗಿ ಹರಿದುಹೋಗುತ್ತವೆ. ಮಗಳ ಮದುವೆಗೆ ಎತ್ತಿಟ್ಟದ್ದನ್ನು ಬಿಟ್ಟು ಮಿಕ್ಕ ಉಳಿತಾಯವೆಲ್ಲ ಕರಗಿದ ಎಷ್ಟು ಮನೆಗಳ ಪಾಸ್‌ಬುಕ್ಕು ನಾನು ನೋಡಿಲ್ಲ!

ನಮ್ಮಲ್ಲಿ ಅದು ಹೇಗೆ ಹರಿಯಿತು ಎಂದರೆ, ಎಲ್ಲಕ್ಕೂ ಒಂದೇ ಕರೆಂಟ್ ಅಕೌಂಟು. ಆನೆ ಆಟದ ಚಿತ್ರಗಳಿಗೆ ಆ ಹುಡುಗಿಗೆ 60,000 ಕೊಡುವುದೆಂದು ಮಾತಾಗಿತ್ತು, ಮೂರು ಕಂತು. ಎರಡನೆಯ ಕಂತಿನ 20,000 ಕೊಡಬೇಕಾದ ವಾರವೇ, ಮುಂಚೆ ಬುಕ್ ಮಾಡಿದರೆ ಸ್ಟಾಲಿಗೆ ರಿಯಾಯಿತಿ ಎಂಬ ಸಂದೇಶ ಬಂತು. ತಮ್ಮ ಬುಕ್ ಮಾಡಿದ. ಅವಳು ಕೇಳಲಿಲ್ಲ, ಸಂಕೋಚದ ಹುಡುಗಿ. ಮೂರು ತಿಂಗಳು ಕಾದು ಬೇರೆಯವರ ಪಠ್ಯಪುಸ್ತಕದ ಕೆಲಸ ಒಪ್ಪಿಕೊಂಡಳು. ಆನೆಗಳು ಅರ್ಧ ಬಣ್ಣದಲ್ಲಿ ನಿಂತವು. ರಿಯಾಯಿತಿ ಸಿಕ್ಕ ಸ್ಟಾಲನ್ನು ಕೊನೆಯ ಗಳಿಗೆಯಲ್ಲಿ ಜನರೇಟರಿನ ಪಕ್ಕಕ್ಕೆ ಹಾಕಿದರು, ಅದು ಇನ್ನೊಂದು ಕಥೆ.

"ಸಾಲ ತಗೊಳ್ಳೋಣ ಅಕ್ಕ, ನಿನಗೆ ಗೊತ್ತಿರೋರಿದಾರಲ್ಲ" ಎಂದ ಒಮ್ಮೆ. ಗೊತ್ತಿರುವವರು ಇದ್ದಾರೆ, ಅದಕ್ಕೇ ಹೋಗಲಿಲ್ಲ. ಕ್ಯಾಶ್ ಕ್ರೆಡಿಟ್ ಕೊಡುವಾಗ ಬ್ಯಾಂಕು ನೋಡುವುದು ದಾಸ್ತಾನನ್ನು. ಶೆಡ್ಡಿನಲ್ಲಿ 400 ಪೆಟ್ಟಿಗೆ ಇದ್ದರೆ ಅಸಲಿನಲ್ಲಿ 84,000. ಕಾಲು ಭಾಗ ಮಾರ್ಜಿನ್ ಕಳೆದರೆ 63,000 ಡ್ರಾಯಿಂಗ್ ಪವರ್, ಅಂದರೆ ಎತ್ತಬಹುದಾದ ಸಾಲ. ಎರಡು ವರ್ಷ ತಲೆ ಕೆಡಿಸಿಕೊಂಡು ತುಂಬಿಸಿದ ನೋಟುಬುಕ್ಕಿಗೆ ಎಷ್ಟು? ಸೊನ್ನೆ. ನಾನೇ ಎಷ್ಟೋ ಸ್ಟಾಕ್ ಸ್ಟೇಟ್‌ಮೆಂಟಿನಲ್ಲಿ ಅಂಥವಕ್ಕೆ ಸೊನ್ನೆ ಹಾಕಿದ್ದೇನೆ. ಸಿದ್ಧವಾದ ಮಾಲಿಗೆ ಸಾಲ ಹುಟ್ಟೀತು. ಮಾಲು ಇನ್ನೂ ಯೋಚನೆಯಲ್ಲಿರುವಾಗ ಅದನ್ನು ಸಾಕಬೇಕಾದ್ದು ಸ್ವಂತ ಬಂಡವಾಳ ಮಾತ್ರ. ಮೇಳಗಳು ಮೇಯುತ್ತಿದ್ದದ್ದು ಅದೇ ಬಂಡವಾಳವನ್ನು. ಸಣ್ಣ ಕಂಪನಿಯವರು ಯಾರಾದರೂ ಇದನ್ನು ಓದುತ್ತಿದ್ದರೆ ಈ ಒಂದು ಮಾತನ್ನು ಮಾತ್ರ ಬರೆದಿಟ್ಟುಕೊಳ್ಳಿ.

ಹಾಗೆಂದು ಮೇಳವೇ ಕಳ್ಳ ಎಂದು ತೀರ್ಪು ಕೊಡುವ ಅವಸರದಲ್ಲಿ ನಾನಿದ್ದಾಗ, ತಮ್ಮನೇ ಒಂದು ಕಥೆ ಹೇಳಿದ. ಅಮೆರಿಕದ ವಿಸ್ಕಾನ್ಸಿನ್‌ನ ಲೇಕ್ ಜಿನೀವಾದಲ್ಲಿ ಗ್ಯಾರಿ ಗೈಗ್ಯಾಕ್ಸ್ ಎಂಬಾತ 1968ರಲ್ಲಿ ಆಟಗಾರರನ್ನು ಸೇರಿಸಿ ಒಂದು ಕೂಟ ನಡೆಸಿದ. ಅದೇ ಜೆನ್ ಕಾನ್. ಅವನು ಗೆಳೆಯನೊಂದಿಗೆ ಟಿಎಸ್‌ಆರ್ ಎಂಬ ಕಂಪನಿ ಕಟ್ಟಿದ್ದು 1973ರಲ್ಲಿ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಬಂದದ್ದು ಅದರ ಮರುವರ್ಷ. ಅಂದರೆ ಮೊದಲು ಜಾತ್ರೆ, ಆಮೇಲೆ ಅಂಗಡಿ. ಆ ಕಂಪನಿ 1997ರ ಹೊತ್ತಿಗೆ ಮುಳುಗಿತು, ಜಾತ್ರೆಯ ಖರ್ಚಿನಿಂದಲ್ಲ. ಒಂದರ ಮೇಲೊಂದು ಹೊಸ ಸರಣಿ ಮುದ್ರಿಸುತ್ತಾ ಹೋದರು, ಕೊಂಡವರು ಹಂಚಿಹೋದರು, ಮಾರದ ಪುಸ್ತಕಗಳು ಹಿಂದಿರುಗಿದವು, ಮುದ್ರಕನಿಗೆ ಬಾಕಿ ಬಿತ್ತು, ಮುದ್ರಕ ಕೈ ಎತ್ತಿದ. ವಿಜರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿ ಅದನ್ನು ಕೊಂಡಿತು. "ನೋಡು, ಹೊಸ ಆಟ ಮಾಡೇ ಸತ್ತಿದ್ದು ಅವರು" ಎಂದು ಗೆದ್ದವನ ಹಾಗೆ ನಕ್ಕ.

ನಾನೂ ಬಿಡುವವಳಲ್ಲ, ಮುಂದಿನದನ್ನು ಓದಿಕೊಂಡೆ. ವಿಜರ್ಡ್ಸ್‌ನ ಸ್ಥಾಪಕ ಪೀಟರ್ ಆಡ್ಕಿಸನ್ 2002ರಲ್ಲಿ ಜೆನ್ ಕಾನ್ ಅನ್ನು ಬೇರೆಯಾಗಿಯೇ ಕೊಂಡ. 2008ರ ಫೆಬ್ರುವರಿಯಲ್ಲಿ ಆ ಜಾತ್ರೆಯ ಕಂಪನಿಯೂ ದಿವಾಳಿ ಕಾಯ್ದೆಯ ಆಸರೆ ಕೇಳಿತು. ಆಮೇಲೆ ಚೇತರಿಸಿಕೊಂಡಿತು ಅನ್ನಿ. ಆ ರಾತ್ರಿ ನಮ್ಮಿಬ್ಬರದೂ ಸರಿಸಮ.

2025ರ ಜನವರಿಯಲ್ಲಿ ಹೊಸ ಆಟಕ್ಕೆಂದೇ ಎರಡನೆಯ ಅಕೌಂಟು ತೆರೆದೆವು. ಮಾರಿದ ಪ್ರತಿ ಪೆಟ್ಟಿಗೆಗೆ ನೂರು ರೂಪಾಯಿ, ಮೇಳದಲ್ಲಿ ನಷ್ಟವಾಗಲಿ ಲಾಭವಾಗಲಿ, ಮೊದಲು ಅಲ್ಲಿಗೆ. ಅದರ ಚೆಕ್ಕುಬುಕ್ಕು ನನ್ನ ಬೀರುವಿನಲ್ಲಿ. ಚಿತ್ರದ ಹುಡುಗಿಗೆ ಬಾಕಿ ಕೊಟ್ಟು, ಕ್ಷಮೆ ಕೇಳಿ, ಮನೆಗೆ ಕರೆದು ಹೋಳಿಗೆ ಹಾಕಿದೆವು. ಮರಳಿ ಬಂದಳು.

ಆ ವರ್ಷ ಸೆಪ್ಟೆಂಬರ್ 22ರಿಂದ ಹಲಗೆ ಆಟಗಳ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿಯಿತು. ನಾವು ಬೆಲೆಯನ್ನು 560ಕ್ಕೆ ಇಳಿಸಿದೆವು. ತಮ್ಮ ಸಿಹಿ ಹಂಚಿದ. ನನಗೆ ಅದರೊಳಗಿನ ಮುಳ್ಳು ಕಂಡದ್ದು ಸ್ಟಾಲಿನ ಬಿಲ್ಲು ನೋಡಿದಾಗ: ಬಾಡಿಗೆಗೆ ಈಗಲೂ ಶೇ 18. ಅದೇ 52 ಪೆಟ್ಟಿಗೆ ಮಾರಿದರೆ ನಾವು ಕಟ್ಟಬೇಕಾದ ತೆರಿಗೆ ಸುಮಾರು 1,387. ಸ್ಟಾಲ್ ಬಾಡಿಗೆಯ ಮೇಲೆ ಆಗಲೇ ಕೊಟ್ಟಿರುವುದು 2,160. ಮಿಕ್ಕದ್ದು ಕ್ರೆಡಿಟ್ಟಾಗಿ ಪೋರ್ಟಲಿನಲ್ಲಿ ಕೂತಿರುತ್ತದೆ. ಮಾರಾಟದ ತೆರಿಗೆಗಿಂತ ಖರೀದಿಯ ತೆರಿಗೆ ಹೆಚ್ಚಿದ್ದರೆ ಕಚ್ಚಾ ಮಾಲಿನ ಮಟ್ಟಿಗೆ ಹಣ ವಾಪಸು ಕೇಳಬಹುದು, ಬಾಡಿಗೆಯಂಥ ಸೇವೆಗೆ ಕೇಳುವಂತಿಲ್ಲ. 2021ರಲ್ಲಿ ಸುಪ್ರೀಂ ಕೋರ್ಟು ಕೂಡ ಆ ನಿಯಮವನ್ನೇ ಎತ್ತಿಹಿಡಿದಿದೆ. ಹೈದರಾಬಾದಿನ ಮೇಳಕ್ಕೆ ಹೊರಟ ತಮ್ಮನನ್ನು ನಾನು ತಡೆದದ್ದೂ ಇಂಥದೇ ಕಾರಣಕ್ಕೆ. ಬೇರೆ ರಾಜ್ಯದಲ್ಲಿ ಸ್ಟಾಲು ಹಾಕಿ ಮಾರುವವರು ಅಲ್ಲಿ ತಾತ್ಕಾಲಿಕ ನೋಂದಣಿ ಮಾಡಿಸಿ ಅಂದಾಜು ತೆರಿಗೆಯನ್ನು ಮುಂಗಡ ಕಟ್ಟಬೇಕು. ನಮ್ಮ ಅಳತೆಯ ವ್ಯಾಪಾರಕ್ಕೆ ಅದು ಹೊರಲಾರದ ಹೊರೆ.

ಆಮೇಲೆ ಬಂದರು ಆ ಅಜ್ಜಿ.

ಕಳೆದ ಚಳಿಗಾಲ, ಮೈಸೂರಿನಲ್ಲೇ ಒಂದು ಸಣ್ಣ ಮೇಳ. ಆನೆ ಆಟ ಬಹುತೇಕ ಮುಗಿದಿತ್ತು. 1,000 ಪೆಟ್ಟಿಗೆಗೆ ಶಿವಕಾಶಿಯ ಪ್ರೆಸ್ಸಿನವರು ತಲಾ 165ರಂತೆ 1,65,000 ಹೇಳಿದ್ದರು. ಕಡಿಮೆ ಮಾಡಿಸಿದರೆ ಪ್ಲೇಟು, ಡೈಗಳ ಖರ್ಚು ಅಷ್ಟೇ ಇದ್ದು ಒಂದೊಂದರ ಬೆಲೆ ಏರುತ್ತದೆ. ಡೈ ಕಟ್ಟಿಸಲು ಹೇಳುವ ಮೊದಲು ಕೈಯಲ್ಲಿ ಬರೆದ ಹಲಗೆಯನ್ನು ಸ್ಟಾಲಿನ ಮೂಲೆಯ ಮೇಜಿನ ಮೇಲಿಟ್ಟಿದ್ದ. ಮೊಮ್ಮಗನನ್ನು ಕರೆತಂದಿದ್ದ ಹುಣಸೂರು ಕಡೆಯ ಅಜ್ಜಿಯೊಬ್ಬರು ಕೂತರು. ಊರಿನವರ ಕಾಯಿ ಅವರದು, ಆನೆ ತಮ್ಮನದು. ಕಾಯಿಯ ಆಚೆ ಬದಿಯ ಮನೆ ಖಾಲಿ ಇದ್ದರೆ ಆನೆ ಹಾರಿ ಅದನ್ನು ತೆಗೆಯಬಹುದು, ಹುಲಿ-ಕುರಿಯ ಹಾಗೆಯೇ. ಅಜ್ಜಿ ಒಂದೊಂದೇ ಕಾಯನ್ನು ಹಲಗೆಯ ಅಂಚಿಗೆ ಸಾಲಾಗಿ ಇಟ್ಟರು. ಸೆರಗು ಸರಿಮಾಡಿಕೊಂಡು, "ನಾನು ಇಲ್ಲೇ ಕೂತ್ಕೋತೀನಿ ಕಣಪ್ಪ. ನಿನ್ನಾನೆ ಏನ್ ಮಾಡದು?" ಎಂದರು.

ಆನೆ ಏನೂ ಮಾಡಲಾಗಲಿಲ್ಲ. ಅಂಚಿನ ಆಚೆ ಮನೆಯೇ ಇಲ್ಲ, ಹಾರುವುದೆಲ್ಲಿಗೆ? ನಲವತ್ತು ನಿಮಿಷ ಆನೆ ಅತ್ತಿತ್ತ ತಿರುಗಿತು. ಮೊಮ್ಮಗ ಕಡ್ಲೆಪುರಿ ತಿಂದು ಮುಗಿಸಿದ. ತಮ್ಮನ ಮುಖ ನೋಡಲಾಗುತ್ತಿರಲಿಲ್ಲ. ಎರಡು ವರ್ಷ ಗೆಳೆಯರ ಜೊತೆ ಆಡಿದ್ದ. ಅವರೆಲ್ಲ ಗೆಲ್ಲಲು ಆಡುವವರು, ಯಾರೂ ಸುಮ್ಮನೆ ಕೂತಿರಲಿಲ್ಲ.

ಆ ದಿನ ಸ್ಟಾಲಿನಲ್ಲಿ ಮಾರಿದ್ದು ಹದಿನಾಲ್ಕೇ ಪೆಟ್ಟಿಗೆ, ನಿವ್ವಳ ನಷ್ಟ. ಮನೆಗೆ ಬಂದು ಲೆಕ್ಕ ಬರೆಯಲು ಕೂತವಳಿಗೆ ಪೆನ್ನು ಓಡಲಿಲ್ಲ. ಆ ಅಜ್ಜಿ ಉಳಿಸಿದ್ದು ಒಂದು ಲಕ್ಷ ಅರವತ್ತೈದು ಸಾವಿರದ ರದ್ದಿಯನ್ನು. ಇದನ್ನು ಎಲ್ಲಿ ಜಮಾ ಹಾಕಲಿ? ಜಗಳ ಶುರುವಾಯಿತು. ಸ್ಟಾಲಿನ ಖರ್ಚೆಲ್ಲ ಹೊಸ ಆಟದ ಖಾತೆಗೆ ಹೋಗಲಿ ಎಂದು ತಮ್ಮ, ಎಂಟಾಣೆಯೂ ಕೊಡುವುದಿಲ್ಲ ಎಂದು ನಾನು. ಕೊನೆಗೆ ಮೂಲೆಯ ಮೇಜು ಇದ್ದು, ಅಲ್ಲಿ ಆಡಿದವರ ಮಾತನ್ನು ಅದೇ ರಾತ್ರಿ ನೋಟುಬುಕ್ಕಿನಲ್ಲಿ ಬರೆದರೆ ಬಾಡಿಗೆಯ ಮೂರನೇ ಒಂದು ಭಾಗ ಆ ಖಾತೆಗೆ ಎಂದಾಯಿತು. ಮೂರನೇ ಒಂದೇ ಏಕೆ ಎಂದು ಕೇಳಬೇಡಿ. ಅಡುಗೆಮನೆಯ ಬಾಗಿಲಲ್ಲಿ ನಿಂತು ಚೌಕಾಸಿ ಮಾಡಿ ಬಂದ ಅಂಕಿ ಅದು.

ಹಲಗೆಗೆ ಈಗ ಅಂಚಿನಲ್ಲಿ ಮೂರು ಕಡೆ ಹೊಳೆ ಬಂದಿದೆ, ಅಲ್ಲಿ ಕಾಯಿ ಎರಡು ಸರದಿಗಿಂತ ಹೆಚ್ಚು ನಿಲ್ಲುವಂತಿಲ್ಲ. ಪ್ರೆಸ್ಸಿಗೆ ನಾನೇ ಫೋನು ಮಾಡಿ, ಎರಡನೆಯ ಅಕೌಂಟಿನಿಂದ 40,000 ಮುಂಗಡ ಕಳಿಸಿ ಜೂನಿನ ಕೊನೆಯ ವಾರ ಹಿಡಿಸಿದೆ. ಆ ವಾರ ತಪ್ಪಿದರೆ ಮುಂಗಡ ಹೋಯಿತು. ಆಗಸ್ಟಿನ ಹೊತ್ತಿಗೆ ಅವರು ಕ್ಯಾಲೆಂಡರಿನ ಕೆಲಸಕ್ಕೆ ತಿರುಗಿದರೆ ನಮ್ಮಂಥವರ ಫೋನು ಎತ್ತುವುದಿಲ್ಲ. ಅಂತೂ ನೋಟುಬುಕ್ಕಿಗೂ ಒಂದು ತಾರೀಕು ಬಂತು. ತಮ್ಮ ಎರಡು ದಿನ ನನ್ನ ಜೊತೆ ಮಾತು ಬಿಟ್ಟ.

ಕಳೆದ ವಾರ ಒಂದು ಅಪಾರ್ಟ್‌ಮೆಂಟಿನವರು ಕರೆದರು. ಭಾನುವಾರ ಸಂಜೆ ಮಕ್ಕಳಿಗೆ, ದೊಡ್ಡವರಿಗೆ ಚೌಕಾಬಾರ ಆಡಿಸಬೇಕು. ಬಾಡಿಗೆ ಬೇಡ, ಮೇಜು ಅವರದೇ. "ಆಗಲ್ಲ, ಆವತ್ತು ಡೈ ಪ್ರೂಫ್ ನೋಡ್ಬೇಕು" ಎಂದ ತಮ್ಮ. ಬಾಡಿಗೆ ಇಲ್ಲ ಎಂದ ಮೇಲೆ ಬಿಡುವುದುಂಟೆ? ಹುಡುಗರಲ್ಲಿ ಒಬ್ಬನನ್ನು ಕಟ್ಟಿಕೊಂಡು ನಾನೇ ಹೋದೆ. ಕವಡೆ ಹಾಕುವುದು ಕಲಿಸಿದೆ. ಬಾರಾ ಬಿದ್ದರೆ ಇನ್ನೊಂದು ಸಲ ಆಡಬೇಕೋ ಬೇಡವೋ ಎಂದು ಧಾರವಾಡದ ಗಂಡನಿಗೂ ಮಂಡ್ಯದ ಹೆಂಡತಿಗೂ ಹತ್ತಿದ ಜಗಳ ಬಿಡಿಸಿದೆ. ಒಂಬತ್ತು ಪೆಟ್ಟಿಗೆ ಹೋಯಿತು.

ರಾತ್ರಿ ಆಟೋ ಇಳಿದು ಒಳಗೆ ಬಂದಾಗ ಗಂಟಲು ಕಟ್ಟಿತ್ತು. ತಮ್ಮ ನಡುಮನೆಯಲ್ಲಿ ನೆಲದ ತುಂಬ ಪ್ರೂಫ್ ಹರಡಿಕೊಂಡು, ಅಳತೆಪಟ್ಟಿ ಹಿಡಿದು ಕೂತಿದ್ದ.

"ಐದು ಸಾವಿರದ ನಲವತ್ತು ಕಣೋ!" ಎಂದೆ.

ಅವನು ತಲೆ ಎತ್ತಲಿಲ್ಲ. "ಆಟೋಗೆ ಎಷ್ಟು ಕೊಟ್ಟೆ?" ಎಂದ.